ಯಾವುದನ್ನು ಒತ್ತಿದರೂ ಸರಿ ಉತ್ತರ

ಗೆಳೆಯರೇ, ಕೈ ಕಳೆದುಕೊಳ್ಳಬಹುದಾದ ಜನರಿಗೆ ಸುಳ್ಳು ಪಾಠ ಹೇಳುವುದು ಅನ್ಯಾಯ. ಇವತ್ತು ರಾಜಾಜಿನಗರದ ಒಂದು ಇ-ಲರ್ನಿಂಗ್ ಕಚೇರಿಯಲ್ಲಿ ಅದನ್ನೇ ಮಾಡು ಎಂದು ನನಗೆ ಹೇಳಿದರು.

ಎಂ.ಎ. ಓದುತ್ತಲೇ ಪಾಠ ವಿನ್ಯಾಸದ ಕೆಲಸ ಕಲಿಯಲು ಅಲ್ಲಿಗೆ ಹೋಗುತ್ತಿದ್ದೆ. ಪೀಣ್ಯದ ಕಾರ್ಖಾನೆಯೊಂದರಲ್ಲಿ ತಗಡು ಒತ್ತುವ ಪ್ರೆಸ್ ಯಂತ್ರದ ಕಾರ್ಮಿಕರಿಗಾಗಿ ಕಂಪ್ಯೂಟರ್‌ನಲ್ಲಿ ನೋಡುವ ಸುರಕ್ಷತಾ ಪಾಠ ಬರೆದಿದ್ದೆ. ಕೊನೆಗೊಂದು ಪ್ರಶ್ನೆ: ಕೈ ಸಿಕ್ಕಿಕೊಳ್ಳದಂತೆ ತಡೆಯುವ ಗಾರ್ಡ್ ಬಿಚ್ಚಿಟ್ಟಿದ್ದರೆ ಏನು ಮಾಡುತ್ತೀರಿ? ‘ಹುಷಾರಾಗಿ ಓಡಿಸುತ್ತೇನೆ’ ಎಂಬುದನ್ನು ಒತ್ತಿದರೆ ‘ತಪ್ಪು, ಯಂತ್ರ ನಿಲ್ಲಿಸಿ’ ಎಂದು ತೋರಿಸಿ ಪಾಠ ಮತ್ತೆ ಮೊದಲಾಗುತ್ತದೆ.

ಟೀಮ್ ಲೀಡ್ ನೋಡಿದರು. “ಯಾವ್ದು ಒತ್ತಿದ್ರೂ ಸರಿ ಅಂತ ತೋರ್ಸಮ್ಮ. ಫ್ಯಾಕ್ಟರಿಗೆ ಆಡಿಟ್ ಬರ್ತಿದೆ, ಎಲ್ರೂ ಪಾಸಾಗ್ಬೇಕಂತೆ.”

“ಹಾಗಾದ್ರೆ ಅವ್ರು ಕಲಿಯೋದೇನು ಸಾರ್?”

“ಫ್ಯಾಕ್ಟರಿಯವ್ರಿಗೆ ಬೇಕಿರೋದು ಸರ್ಟಿಫಿಕೇಟ್ ಕಣಮ್ಮ. ನಿನ್ ಕ್ರಾಂತಿನೆಲ್ಲ ಕಾಲೇಜಲ್ಲಿ ಇಟ್ಕೋ. ಮುಂದೆ ಇಲ್ಲಿ ಕೆಲ್ಸ ಬೇಕೋ ಬೇಡ್ವೋ?”

ಬೇಡ ಎಂದೆ. ಬ್ಯಾಗ್ ಎತ್ತಿಕೊಂಡು ಹೊರಟಾಗ ಹಿಂದೆ ಯಾರೋ ನಕ್ಕರು. ನಾನು ಮೆಟ್ಟಿಲು ಇಳಿಯುವಷ್ಟರಲ್ಲಿ ಉತ್ತರವನ್ನು ಬದಲಿಸಿರುತ್ತಾರೆ. ಅದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ.

ಆ ಕಾರ್ಮಿಕರಲ್ಲಿ ಎಷ್ಟೋ ಮಂದಿ ಲಗ್ಗೆರೆಯ ನಮ್ಮ ಬೀದಿಯಲ್ಲೇ ಬಾಡಿಗೆಗಿದ್ದಾರೆ. ಅದೇ ಪಾಠವನ್ನು ಈಗ ದೊಡ್ಡ ಚಾರ್ಟ್ ಹಾಳೆಗಳ ಮೇಲೆ ಬರೆಯುತ್ತಿದ್ದೇನೆ. ಚಿತ್ರ ಬಿಡಿಸಲು, ಮನೆಮನೆಗೆ ಹೋಗಿ ಹೇಳಲು ಜೊತೆ ಬೇಕು. ಸರ್ಟಿಫಿಕೇಟ್ ಕೊಡುವುದಿಲ್ಲ, ತಪ್ಪನ್ನು ತಪ್ಪು ಎನ್ನುತ್ತೇವೆ, ಅಷ್ಟೇ. ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ಲಗ್ಗೆರೆ ಬಸ್ ನಿಲ್ದಾಣಕ್ಕೆ ಬನ್ನಿ.