ನೆಲಮಾಳಿಗೆಯ ಅನಿಲ, ಅತ್ತೆಯ ಭಜನೆ

ಘೋಡಬಂದರ್ ರಸ್ತೆಯ ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಶನಿವಾರ ಸಂಜೆ ಭಜನೆ ನಡೆಯುತ್ತಿತ್ತು. ಗುಡ್ಡ ಕೊರೆದು ಮಾಡಿದ ಆ ಕೋಣೆಗೆ ಒಂದು ಕಿಟಕಿಯೂ ಇರಲಿಲ್ಲ. ತಾಳದ ಸದ್ದು ಹೊರಗೆ ಹೋಗುವುದಿಲ್ಲ ಎಂದು ನನ್ನ ಸೋದರತ್ತೆ ಅದನ್ನೇ ಹೊಗಳುತ್ತಿದ್ದರು. ಊರು ಬಿಟ್ಟು ನಮ್ಮಲ್ಲಿಗೆ ಬಂದ ಮೇಲೆ ಅವರು ವಾರವಿಡೀ ಕಾಯುತ್ತಿದ್ದುದು ಆ ಒಂದು ಸಂಜೆಗೆ.

ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ನನ್ನ ಹೆಂಡತಿ ಒಮ್ಮೆ ಪ್ರಸಾದಕ್ಕೆಂದು ಕೆಳಗಿಳಿದವಳು ನೆಲದ ಬಿರುಕು ನೋಡಿ ನಿಂತುಬಿಟ್ಟಳು. ಕಲ್ಲುಮಣ್ಣಿನಿಂದ ರೇಡಾನ್ ಎಂಬ ಅನಿಲ ಏಳುತ್ತದೆ, ಗಾಳಿಯಾಡದ ಕಡೆ ತುಂಬಿಕೊಳ್ಳುತ್ತದೆ, ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶಕ್ಕೆ ಕೇಡು ಎಂದಳು.

"ವಾಸನೆ ಉಂಟಾ?" ಅತ್ತೆ ಕೇಳಿದರು.

"ಇಲ್ಲ."

"ಬಣ್ಣ?"

"ಅದೂ ಇಲ್ಲ."

"ಹಾಗಾದ್ರೆ ನಿನ್ನ ಸಾಂಬಾರಿನ ಹಾಗೆ."

ಹೆಂಡತಿ ಸಿಟ್ಟಾಗಲಿಲ್ಲ. ಅಳೆಯುವ ಡಬ್ಬಿಯೊಂದನ್ನು ತಂದು ಕೋಣೆಯಲ್ಲಿಟ್ಟಳು. ಅಂಗೈಯಗಲದ ಕಪ್ಪು ಡಬ್ಬಿ, ಮುಚ್ಚಳದಲ್ಲಿ ಸಣ್ಣ ತೂತುಗಳು, ಒಳಗೊಂದು ಫಿಲ್ಮು; ಅನಿಲ ಒಳಹೊಕ್ಕರೆ ಅದರ ಮೇಲೆ ಗುರುತು ಬೀಳುತ್ತದಂತೆ. ಕೆಲವು ತಿಂಗಳು ಇದನ್ನು ಯಾರೂ ಮುಟ್ಟಬಾರದು ಎಂದು ಹೇಳಿ ಹೋದಳು.

ಅವಧಿ ಮುಗಿದ ಮೇಲೆ ಕಟ್ಟಡದ ನಿವಾಸಿಗಳ ಸೊಸೈಟಿಯವರೇ ಡಬ್ಬಿಯನ್ನು ಪ್ರಯೋಗಾಲಯಕ್ಕೆ ಕಳಿಸಿದರು. ಉತ್ತರ ಬಂತು: ಫಿಲ್ಮಿನ ಮೇಲೆ ಗುರುತೇ ಇಲ್ಲ. ಬಿಲ್ಡರನ ಮ್ಯಾನೇಜರು ಖುಷಿಯಿಂದ ಪೇಢೆ ಹಂಚಿದ. ಹೆಂಡತಿ ಮಾತ್ರ ಡಬ್ಬಿಯನ್ನು ವಾಪಸು ತರಿಸಿ ನೋಡಿದಳು. ತೂತು ಒಂದೂ ಕಾಣುತ್ತಿರಲಿಲ್ಲ. ಮೇಲೆ ಗಂಧ, ಅರಿಸಿನ, ಕುಂಕುಮ ಪದರ ಪದರವಾಗಿ ಗಟ್ಟಿಯಾಗಿ ಕೂತಿದ್ದವು.

"ಮುಟ್ಟಬಾರದು ಅಂದದ್ದು ನೀನೇ ಅಲ್ವಾ ಮಾರಾಯ್ತಿ?" ಎಂದರು ಅತ್ತೆ. "ಮತ್ತೆ ಎಲ್ಲಿಡುವುದು? ದೇವರ ಪಕ್ಕ ಇಟ್ಟೆ. ದೇವರ ಪಕ್ಕ ಇಟ್ಟ ಮೇಲೆ ಅದಕ್ಕೊಂದು ಬೊಟ್ಟು ಹಚ್ಚದೆ ಬಿಡ್ಲಿಕ್ಕಾಗ್ತದಾ?"

ಎರಡನೆಯ ಡಬ್ಬಿಯನ್ನು ಹೆಂಡತಿ ದೇವರಿಂದ ದೂರ, ಪೊರಕೆಯ ಪಕ್ಕದ ಗೂಡಿನಲ್ಲಿಟ್ಟಳು. ಅದನ್ನು ಯಾರೂ ಪೂಜಿಸಲಿಲ್ಲ. ಈ ಸಲ ಅನಿಲ ಇರಬೇಕಾದ್ದಕ್ಕಿಂತ ಹೆಚ್ಚು ಎಂದು ಬಂತು. ಬಿರುಕು ಮುಚ್ಚಿ, ಗಾಳಿ ಹೊರಗೆಳೆಯುವ ಫ್ಯಾನು ಹಾಕುವವರೆಗೆ ಸೊಸೈಟಿಯವರು ಕೋಣೆಗೆ ಬೀಗ ಜಡಿದರು. ಗುಡ್ಡ ಕೊರೆದವರೇ ಫ್ಯಾನು ಹಾಕಲಿ ಎಂಬುದು ಸೊಸೈಟಿಯ ವಾದ. ವಿಜಯಪುರ ಕಡೆಯವನಾದ ಮ್ಯಾನೇಜರನ ವಾದವೇ ಬೇರೆ.

"ನೋಡ್ರಿ ಬಾಯಾರ, ಗ್ವಾಡಿ ನಮ್ಮವು, ಖರೆ. ಪೊಸೆಶನ್ ಕೊಟ್ಟ ಮ್ಯಾಲ ಒಳಗಿನ ಗಾಳಿ ಸೊಸೈಟೀದು."

"ಬ್ರೋಶರಿನಲ್ಲಿ ಗುಡ್ಡದ ಗಾಳಿ ಅಂತ ಬರ್ದದ್ದು ಯಾರು?" ಅತ್ತೆ ಕೇಳಿದರು.

"ಅದು ಬಾಲ್ಕನಿ ಗಾಳಿರೀ."

ಎರಡು ಶನಿವಾರ ಅತ್ತೆ ಮನೆಯಲ್ಲೇ ಕೂತರು. ಟಿವಿ ಹಾಕಲಿಲ್ಲ, ತಾಳಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದರು, ಒರೆಸಿದರು, ಮತ್ತೆ ತಿಕ್ಕಿದರು. ನಮಗೆ ಊಟ ಸೇರಲಿಲ್ಲ. ಮೂರನೆಯ ಶನಿವಾರ ಅತ್ತೆ ಹೊಳೆಯುವ ತಾಳ, ಹಾರ್ಮೋನಿಯಂ, ಭಜನಾ ಮಂಡಳಿ ಸಮೇತ ಅದೇ ಬಿಲ್ಡರನ ಪಕ್ಕದ ಹೊಸ ಕಟ್ಟಡದ ಸ್ಯಾಂಪಲ್ ಫ್ಲ್ಯಾಟಿಗೆ ಹೋಗಿ ಬಿಳಿ ಸೋಫಾದ ಮೇಲೆ ಕೂತುಬಿಟ್ಟರು. ಏಸಿ ಇತ್ತು. ಮನೆ ನೋಡಲು ಬಂದ ಗಿರಾಕಿಗಳಲ್ಲಿ ಕೆಲವರು ಚಪ್ಪಲಿ ಬಿಚ್ಚಿ ಕೈಮುಗಿದರು. ಒಬ್ಬಾಕೆ ಮಾತ್ರ, ಇವರು ಫ್ಲ್ಯಾಟಿನ ಜೊತೆಗೇ ಬರುತ್ತಾರಾ ಎಂದು ಹಿಂದಿಯಲ್ಲಿ ವಿಚಾರಿಸಿದಳು.

"ಬಾಯಾರ, ಎದ್ದೇಳ್ರಿ. ಬುಕಿಂಗ್ ಕೆಡ್ತದ," ಮ್ಯಾನೇಜರು ಗೋಗರೆದ.

"ಇಲ್ಲಿ ಗಾಳಿ ಒಳ್ಳೇದುಂಟು ಮಗಾ. ಮುಂದಿನ ವಾರ ಹರಿವಾಣದಲ್ಲಿ ಅವಲಕ್ಕಿ ತರ್ತೇವೆ. ಸೋಫಾಕ್ಕೆ ಬಿದ್ರೆ ಒರೆಸಿದರಾಯ್ತು."

ಆ ವಾರವೇ ಬಿರುಕು ಮುಚ್ಚಿತು, ಪೈಪು ಬಂತು, ಫ್ಯಾನು ಬಂತು. ಹೆಂಡತಿ ಮತ್ತೆ ಡಬ್ಬಿ ಇಟ್ಟು, ಉತ್ತರ ಬರುವವರೆಗೆ ಕಾಯಿಸಿದಳು; ಅಷ್ಟೂ ದಿನ ಭಜನೆ ಗೇಟಿನ ಬಳಿ ನಡೆಯಿತು. ಅಳತೆ ಇಳಿದಿದೆ ಎಂದು ತಿಳಿದ ಸಂಜೆ ಅತ್ತೆಯೇ ಬೀಗ ತೆಗೆದರು. ಫ್ಯಾನು ಒಂದೇ ಸಮನೆ ಗುಂಯ್ ಎನ್ನುತ್ತಿತ್ತು. ಅವರು ಕಣ್ಣುಮುಚ್ಚಿ ಆಲಿಸಿ, ಆ ಸದ್ದಿಗೆ ಹೊಂದುವಂತೆ ಹಾರ್ಮೋನಿಯಂ ಶ್ರುತಿಯನ್ನು ಒಂದು ಮನೆ ಏರಿಸಲು ಹೇಳಿದರು.

"ಬಿಲ್ಡರು ಶ್ರುತಿ ಸ್ವಲ್ಪ ಮೇಲೆ ಕೊಟ್ಟಿದ್ದಾನೆ," ಎಂದು ಹಾಡಲು ಶುರು ಮಾಡಿದರು.