ನೀರು ಗಲ್ಲ ಮುಟ್ಟಿದ ಸಂಜೆ

ಸೋಲ್‌ವೇಗ್‌ಗೆ ನಮ್ಮ ಪುರಸಭೆಯಿಂದ ಇನ್ನೂ ಸಂಬಳ ಬಾಕಿ ಇದೆ: ದಿನಕ್ಕೆ ಎರಡು ಗಂಟೆಯದು. ಹೇಗೆ ಅಂತ ಕೇಳುವವರು ಸ್ವಲ್ಪ ಕೂರಲಿ.

ಆಕೆ ಸ್ವೀಡನ್ನಿನ ಪಶ್ಚಿಮ ದಂಡೆಯ ನಮ್ಮ ಊರಿನ ವೃದ್ಧಾಶ್ರಮದಲ್ಲಿ ನರ್ಸ್. ಮುದುಕರನ್ನು ಎತ್ತಿ ಎತ್ತಿ ಸೊಂಟ ಸವೆಸಿಕೊಂಡವಳು. ಎರಡು ವರ್ಷದ ಹಿಂದೆ ಪುರಸಭೆ ಒಂದು ಪ್ರಯೋಗ ಮಾಡಿತು: ದಿನಕ್ಕೆ ಆರೇ ಗಂಟೆ ದುಡಿಮೆ, ಸಂಬಳ ಪೂರ್ತಿ. ನರ್ಸುಗಳ ಸಂಘದಲ್ಲಿ ನಾವು ಗಂಟಲು ಹರಿದುಕೊಂಡು ಕೇಳಿದ್ದೇ ಅದು. ಸೋಲ್‌ವೇಗ್‌ಗೆ ನಿದ್ದೆ ಬರತೊಡಗಿತು. ಹುಷಾರಿಲ್ಲವೆಂದು ರಜೆ ಹಾಕುವುದು ನಿಂತಿತು. ಮುದುಕರ ಜೊತೆ ಕೂತು ಕಾಫಿ ಕುಡಿಯುವಷ್ಟು ಪುರುಸೊತ್ತೂ ಸಿಕ್ಕಿತು. ಆಮೇಲೆ ದುಡ್ಡಿಲ್ಲ ಅಂದರು. ಮತ್ತೆ ಎಂಟು ಗಂಟೆ.

ಹಳೆಯ ಹೆದರಿಕೆ ವಾಪಸು ಬಂತು.

"ಕೊನೇ ಗಂಟೇಲಿ ನನ್ ಕೈ ನನ್ ಮಾತೇ ಕೇಳಲ್ಲ ಕಣೇ," ಅಂದಳು ನನ್ನ ಹತ್ತಿರ. "ಒಂದಿನ ಯಾರನ್ನಾದ್ರೂ ಕೊಂದ್‌ಬಿಡ್ತೀನಿ."

ಜನವರಿಯ ಒಂದು ಸಂಜೆ, ಪಾಳಿಯ ಕೊನೆಯ ಸ್ನಾನ. ತೊಟ್ಟಿಯಲ್ಲಿ ಹಿಲ್ದುರ್, ತೊಂಬತ್ತು ದಾಟಿದ ಮುದುಕಿ. ಕಾಲಲ್ಲಿ ಬಲವಿಲ್ಲ, ಬಾಯಲ್ಲಿ ಬೇಕಾದಷ್ಟಿದೆ. ಜೊತೆಯವಳು ಬೇರೆ ಕೋಣೆಯಿಂದ ಕರೆಗಂಟೆ ಬಂತೆಂದು ಓಡಿದ್ದಳು. ಸೋಲ್‌ವೇಗ್ ನಲ್ಲಿ ತಿರುಗಿಸಿ ಗೋಡೆಗೆ ಭುಜ ಆನಿಸಿದಳು. ಅಷ್ಟೇ ನೆನಪು.

ಕಣ್ಣು ಬಿಟ್ಟಾಗ ನೀರು ಹಿಲ್ದುರ್‌ಳ ಗಲ್ಲ ಮುಟ್ಟಿತ್ತು. ಮುದುಕಿ ತೊಟ್ಟಿಯ ಅಂಚನ್ನು ಬಿಗಿಯಾಗಿ ಹಿಡಿದು, ಕತ್ತು ಮೇಲೆತ್ತಿ, ಅವಳನ್ನೇ ನೋಡುತ್ತಿದ್ದಳು.

"ಕೂಗ್ಬಾರ್ದಾಗಿತ್ತಾ?" ಸೋಲ್‌ವೇಗ್ ಧಾವಿಸಿ ನಲ್ಲಿ ನಿಲ್ಲಿಸಿದಳು.

"ಕೂಗ್ದೆ ಕಣೇ. ಗಂಟಲು ಹೋಗೋವರ್ಗೂ ಕೂಗ್ದೆ." ಹಿಲ್ದುರ್ ಕೆಮ್ಮಿದಳು. "ನಿಂತ್ಕೊಂಡು ನಿದ್ದೆ ಮಾಡೋದು ಕುದುರೆ ಮಾತ್ರ ಅಂದ್ಕೊಂಡಿದ್ದೆ."

ಮನೆಯಲ್ಲಿ ಗಂಡ ತೂರೆ ಆಲೂಗಡ್ಡೆ ಬೇಯಿಸಿಟ್ಟು ಕಾಯುತ್ತಿದ್ದ. ಅವನು ದುಡಿಯುವ ಕಾರು ಗ್ಯಾರೇಜಿನಲ್ಲೂ ಆರು ಗಂಟೆಯ ಪಾಳಿಯೇ, ಸಂಬಳ ಪೂರ್ತಿ. ಅದನ್ನು ಯಾರೂ ಕಿತ್ತುಕೊಂಡಿಲ್ಲ. ಅಲ್ಲಿ ಲಾಭ ಬರುತ್ತದೆ.

"ದಣಿದ ಕೈ ಬೋಲ್ಟ್ ಸಡಿಲ ಬಿಡುತ್ತೆ ಅಂತಾನೆ ನಮ್ ಯಜಮಾನ," ಅಂದ ತೂರೆ.

"ಹಿಲ್ದುರ್‌ಗೆ ಬೋಲ್ಟ್ ಇಲ್ವಲ್ಲ, ಅದಕ್ಕೇ," ಅಂದಳು. ತಟ್ಟೆ ಮುಟ್ಟಲಿಲ್ಲ.

ಮರುದಿನ ಮೇಲ್ವಿಚಾರಕಿ ಪೆರ್ನಿಲ್ಲಾಳ ಮುಂದೆ ನಡೆದದ್ದನ್ನೆಲ್ಲ ಹೇಳಿದಳು.

"ಹಾಗಾದ್ರೆ ಗಂಟೆ ಕಡಿಮೆ ಮಾಡ್ಕೋ," ಅಂದಳು ಪೆರ್ನಿಲ್ಲಾ. "ಹೆಂಗಸ್ರೆಲ್ಲಾ ಅದನ್ನೇ ತಾನೇ ಮಾಡೋದು?"

"ಸಂಬಳ?"

"ಅದೂ ಕಡಿಮೆ ಆಗುತ್ತೆ."

"ಪಿಂಚಣಿ?"

"ಅದೂ ಅಷ್ಟೇ," ಅಂದು ಪೆರ್ನಿಲ್ಲಾ ಅರ್ಜಿಯನ್ನು ಮುಂದೆ ತಳ್ಳಿದಳು.

ಸೋಲ್‌ವೇಗ್ ಒಪ್ಪಿಕೊಂಡಳು. ಪ್ರಯೋಗದಲ್ಲಿ ದುಡಿದಷ್ಟೇ ಈಗಲೂ ದುಡಿಯುತ್ತಾಳೆ. ಎರಡು ಗಂಟೆಯ ಸಂಬಳ ಮಾತ್ರ ಅವಳ ಜೇಬಿನಿಂದ ಹೋಗುತ್ತದೆ. ತೂರೆಯ ಜೇಬಿನಿಂದ ಏನೂ ಹೋಗುವುದಿಲ್ಲ. ಪಿಂಚಣಿ ಸಾಲದೆ ಒಂದೇ ಕಾಫಿಪುಡಿಯನ್ನು ಎರಡು ಸಲ ಕುದಿಸಿ ಮುಪ್ಪು ಕಳೆದ ತನ್ನ ಅಮ್ಮ ಅವಳಿಗೆ ಕನಸಿನಲ್ಲಿ ಬರುತ್ತಾಳೆ. ಅದು ಒಂದು ಭಯ. ಇನ್ನೊಂದು, ಅವಳು ಕೋಟು ಹಾಕಿಕೊಂಡು ಹೊರಟಾಗಲೆಲ್ಲ ಹಿಲ್ದುರ್ ತೋಳು ಹಿಡಿದು ಕೇಳುವ ಮಾತು: "ನೀನು ಹೋದ್ಮೇಲೆ ನನ್ ಸ್ನಾನ ಯಾರ್ ಮಾಡ್ಸೋದು?"

ಎಂಟನೆಯ ಗಂಟೆಯಲ್ಲಿರುವ ಇನ್ನೊಬ್ಬಳು. ಮತ್ಯಾರು?

ಆ ತೊಟ್ಟಿಯಲ್ಲಿ ಇವತ್ತು ಹಿಲ್ದುರ್ ಇದ್ದಾಳೆ, ನಾಳೆ ನೀವು. ಆರು ಗಂಟೆ ದುಡಿಮೆ, ಪೂರ್ತಿ ಸಂಬಳ, ಎಲ್ಲ ನರ್ಸುಗಳಿಗೂ: ಪುರಸಭೆಯ ಮುಂದಿನ ಸಭೆಗೆ ಬಂದು, ಎದ್ದು ನಿಂತು, ನೀವೇ ಕೇಳಿ. ನೀರು ನಿಮ್ಮ ಗಲ್ಲ ಮುಟ್ಟುವ ಮೊದಲು ಕೇಳಿ.