ಕಣ್ಣಿಗೆ ಕಳ್ಳಿಪೀರ ಬರೆದ ಆಪಾ

ಹೋದ ತಿಂಗಳು ಅಣ್ಣನ ಮಗಳ ಶಾಲೆಯಲ್ಲಿ ವಾರ್ಷಿಕೋತ್ಸವದ ಗ್ಯಾದರಿಂಗ್ ಇತ್ತು. ನವಿಲಾಗಿ ಕುಣಿದು ಬಂದವಳನ್ನು ಮುಂದೆ ಕೂಡಿಸಿಕೊಂಡು, ಹತ್ತಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಅದ್ದಿ ಕಣ್ಣಿನ ಬಣ್ಣ ಒರೆಸತೊಡಗಿದೆ. ಎಣ್ಣೆ, ಬಣ್ಣ ಎರಡೂ ಬೆರೆತ ವಾಸನೆ ಮೂಗಿಗೆ ಬಡಿದಾಗ ನನ್ನ ಕೈ ನಿಂತುಬಿಟ್ಟಿತು. "ಯಾಕತ್ತಿ, ಏನಾತು?" ಎಂದಳು ಹುಡುಗಿ. ಏನಿಲ್ಲ ಅಂದೆ. ಆದರೆ ಆ ವಾಸನೆಗೆ ಆಪಾ ನೆನಪಾಗಿದ್ದರು...

ಆಪಾ ಎಂದರೆ ಅಕ್ಕ, ನಾನು ಅವರನ್ನು ಕರೆಯುತ್ತಿದ್ದದ್ದೇ ಹಾಗೆ. ಅವರು ಆಳಂದದವರು. ನಾನು ಅಫಜಲಪುರದಲ್ಲಿ ಪಿಯುಸಿ ಓದುವಾಗ ನಮ್ಮ ಮನೆಯ ಹಿಂದಿನ ಖೋಲಿಯಲ್ಲಿ ಬಾಡಿಗೆಗಿದ್ದರು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುವ ಅತಿಥಿ ಉಪನ್ಯಾಸಕಿ. ಲಗ್ನದ ದಿನಗಳಲ್ಲಿ ಮದುಮಗಳಿಗೆ ಮೇಕಪ್ ಮಾಡುವುದಕ್ಕೂ ಅವರನ್ನೇ ಕರೆಯುತ್ತಿದ್ದರು. ಈ ಎರಡೂ ಕೆಲಸ ಕೂಡಿಸಿ ಅವರು ಇನ್ನೊಂದು ಕೆಲಸ ಹುಟ್ಟಿಸಿಕೊಂಡಿದ್ದರು. ಒಂದು ಹಕ್ಕಿಯ ಬಣ್ಣಗಳನ್ನು ಕಣ್ಣಿನ ರೆಪ್ಪೆಯ ಮೇಲೆ ತರುವುದು, ತರುತ್ತಾ ಆ ಹಕ್ಕಿಯ ಬಗ್ಗೆ ಮಾತಾಡುವುದು, ಅದನ್ನು ಫೋನಿನಲ್ಲಿ ವಿಡಿಯೊ ಹಿಡಿದು ಎಲ್ಲರೂ ನೋಡುವಂತೆ ನೆಟ್ಟಿಗೆ ಹಾಕುವುದು. ಬಣ್ಣ ಹಚ್ಚುತ್ತಿದ್ದದ್ದು ನನ್ನ ಕಣ್ಣಿಗೆ.

"ನೀಲಕಂಠನ ಪುಕ್ಕದಾಗ ನೀಲಿ ಬಣ್ಣನ ಇಲ್ಲ," ಅನ್ನುತ್ತಿದ್ದರು. "ಪುಕ್ಕ ಅರದು ಪುಡಿ ಮಾಡಿದ್ರ ನೀಲಿ ಮಾಯ. ಬೆಳಕು ಪುಕ್ಕದ ಮ್ಯಾಲ ಆಡೋ ಆಟ ಅದು." ಮಿನುಗುವ ಪುಡಿಯನ್ನು ನನ್ನ ರೆಪ್ಪೆಗೆ ಸವರಿ, ಮುಖವನ್ನು ಕಿಟಕಿಯತ್ತ ಹೊರಳಿಸಿ ತೋರಿಸುತ್ತಿದ್ದರು. ಹಳ್ಳಿಯ ಹುಡುಗಿಯರು ನೋಡಿ ಪ್ರಶ್ನೆ ಬರೆದು ಕಳಿಸುತ್ತಿದ್ದರು. ಒಂದೊಂದಕ್ಕೂ ಆಪಾ ಉತ್ತರ ಬರೆಯುತ್ತಿದ್ದರು.

ಒಂದು ಭಾನುವಾರ ಭೀಮಾ ನದಿಯ ದಂಡೆಗೆ ಹೋದೆವು. ದಂಡೆಯ ಮಣ್ಣಿನ ಗೋಡೆಯ ತುಂಬ ತೂತು. ಅವು ಕಳ್ಳಿಪೀರ ಹಕ್ಕಿಯ ಗೂಡು. ಹಸಿರು ಮೈ, ಕಣ್ಣಿನುದ್ದಕ್ಕೂ ಕಪ್ಪು ಗೀರು... ದೇವರೇ ಕಾಡಿಗೆ ತಿದ್ದಿದ ಹಾಗೆ. ಆಪಾ ಅದೇ ಗೀರನ್ನು ನನ್ನ ಕಣ್ಣಿಗೆ ಎಳೆಯುತ್ತಾ, ಈ ಹಕ್ಕಿ ಜೇನುನೊಣವನ್ನು ಕೊಂಬೆಗೆ ತಿಕ್ಕಿ ಮುಳ್ಳು ತೆಗೆದು ತಿನ್ನುವುದನ್ನು ಹೇಳುತ್ತಿದ್ದರು. ನನ್ನ ಹಿಂದೆ ಒಂದು ಟ್ರ್ಯಾಕ್ಟರಿಗೆ ಅದೇ ದಂಡೆಯ ಉಸುಕು ಕದ್ದು ತುಂಬುತ್ತಿದ್ದರು. "ಈ ಗ್ವಾಡಿ ಇನ್ನ ಎಂಟು ದಿನಾನೂ ಇರೂದಿಲ್ಲ. ಒಳಗ ಮರಿ ಅದಾವ," ಎಂದು ಆಪಾ ಕೊನೆಗೆ ಅಂದರು. ಅದನ್ನೂ ತೆಗೆಯದೆ ಹಾಗೇ ಹಾಕಿದರು. ಟ್ರ್ಯಾಕ್ಟರಿನ ನಂಬರು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು.

ಮೂರನೆಯ ದಿನ ಕಾಲೇಜಿನಿಂದ ನಡೆದು ಬರುವಾಗ ಬೈಕೊಂದು ನನ್ನ ಪಕ್ಕಕ್ಕೇ ಬಂದು ನಿಧಾನವಾಯಿತು. ಮೇಲೆ ಇಬ್ಬರು. ಹಿಂದೆ ಕೂತವನು ಫೋನು ನನ್ನ ಮುಂದೆ ಹಿಡಿದ.

"ಈ ಕಣ್ಣು ನಿನ್ನವ ಅಲ್ಲೇನು, ತಂಗಿ?"

ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಇನ್ನಷ್ಟು ಹೆದರಿಕೆಯಾಯಿತು. ಯಾರು ತೆಗೆದದ್ದು, ಎಲ್ಲಿರುತ್ತಾರೆ ಎಂದು ಕೇಳಿದ. ಕೈ ಎತ್ತಿ ನಮ್ಮ ಓಣಿ ತೋರಿಸಿದೆ. "ಹಿಂದಿನ ಖೋಲಿರಿ," ಅಂದೆ. ಅವನು ಕೇಳದೇ ಇದ್ದದ್ದನ್ನೂ ಹೇಳಿದೆ... ಅವರು ಒಬ್ಬರೇ ಇರ್ತಾರ ಅಂತ.

ಬೈಕು ಹೋಯಿತು. ಮನೆಗೆ ಹೋಗುವ ಧೈರ್ಯವಾಗಲಿಲ್ಲ. ಹೊತ್ತು ಇಳಿಯುವವರೆಗೆ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತೆ. ನಾನು ಹೋಗುವಷ್ಟರಲ್ಲಿ ಆ ಬೈಕಿನವರು ಬಂದು, ನೀರು ಕುಡಿದು, ವಿಡಿಯೊ ತೆಗೆಯಿರಿ ಎಂದು ಮೆಲ್ಲಗೆ ಹೇಳಿ ಹೋಗಿದ್ದರು. ಆಪಾ ಬಾಗಿಲಲ್ಲಿ ನಿಂತಿದ್ದರು. "ನಿನ್ನ ಮುಖ ಇದ್ದದ್ದೆಲ್ಲಾ ತಗದೀನಿ ಬೇಟಾ. ಒಂದೂ ಬಿಟ್ಟಿಲ್ಲ," ಅಂದರು. ಅಷ್ಟೇ. ಯಾರು ಮನೆ ತೋರಿಸಿದರು ಅಂತ ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಮರುದಿನದಿಂದ ಆ ಬೈಕು ಓಣಿಯ ಬಾಯಲ್ಲಿ ಬಂದು ನಿಲ್ಲತೊಡಗಿತು. ಅವ್ವ ಹಗಲಿನಲ್ಲೂ ಚಿಲಕ ಹಾಕುತ್ತಿದ್ದಳು.

ಮುಂದಿನ ಭಾನುವಾರ ಆಪಾ ಬಣ್ಣದ ಡಬ್ಬಿ ಚೀಲಕ್ಕೆ ಹಾಕಿಕೊಂಡರು. "ಹೋಗಬ್ಯಾಡ್ರಿ ಆಪಾ," ಎಂದು ಕೈ ಹಿಡಿದುಕೊಂಡೆ.

"ನನಗೂ ಅಂಜಿಕಿ ಬರ್ತದ," ಅಂದರು. "ಆದ್ರ ಮರಿ ಇನ್ನೂ ಹಾರಿಲ್ಲ."

ಅವತ್ತು ಅವರು ಆ ದಂಡೆಯಲ್ಲೇ ಕೂತು ತಮ್ಮ ಕಣ್ಣಿಗೆ ತಾವೇ ಕಳ್ಳಿಪೀರ ಬರೆದುಕೊಂಡರು. ಕಪ್ಪು ಗೀರು ಸೊಟ್ಟಗಾದದ್ದು ಫೋನಿನಲ್ಲೂ ಕಾಣುತ್ತಿತ್ತು. ಅದನ್ನು ತಿದ್ದದೆಯೇ ತಮ್ಮ ಹೆಸರು, ಊರು ಎರಡನ್ನೂ ಹೇಳಿದರು. "ಇನ್ನ ಯಾರೂ ಯಾರನ್ನೂ ಹುಡುಕೂದು ಬ್ಯಾಡ," ಅಂದರು. ಆ ವಿಡಿಯೊ ನೋಡಿ ಎರಡು ದಿನಕ್ಕೆ ಅಧಿಕಾರಿಗಳ ಜೀಪು ಬಂತು. ಉಸುಕು ತೆಗೆಯುವುದು ನಿಂತಿತು. ಮರಿಗಳು ಹಾರುವವರೆಗಂತೂ ನಿಂತಿತ್ತು.

ಆದರೆ ಬೈಕು ಬರುವುದು ನಿಲ್ಲಲಿಲ್ಲ. ಒಂದು ಮುಂಜಾನೆ ಅಪ್ಪ ತಲೆ ತಗ್ಗಿಸಿ, "ಮನ್ಯಾಗ ಹರೇದ ಹುಡುಗಿ ಅದಾಳ್ರಿ. ಖೋಲಿ ಖಾಲಿ ಮಾಡ್ರಿ," ಅಂದ. ಆಪಾ ಸಾಮಾನು ಕಟ್ಟಿದರು. ಅವರ ಟ್ರಂಕು ಆಟೋಕ್ಕೆ ಏರುವಾಗ ನಾನು ಒಳಗಿನ ಬಾಗಿಲ ಹಿಂದೆ ನಿಂತಿದ್ದೆ. ಹೊರಗೆ ಬರಲಿಲ್ಲ.

ಈಗ ನಾನು ಜೇವರ್ಗಿಯಲ್ಲಿ ನರ್ಸ್. ಗ್ಯಾದರಿಂಗ್ ಮುಗಿದ ವಾರ ರಜೆ ಹಾಕಿ ಆಳಂದಕ್ಕೆ ಹೋದೆ. ಕೇಳುತ್ತಾ ಕೇಳುತ್ತಾ ಮನೆ ಸಿಕ್ಕಿತು. ಬಾಗಿಲು ತೆರೆದದ್ದು ಅವರ ತಂಗಿ. ಆಪಾ ಕೊರೊನಾದಲ್ಲಿ ತೀರಿಕೊಂಡಿದ್ದರು. ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ...

ನಾನು ಯಾರೆಂದು ಹೇಳಿದೆ. ಅವರು ಒಳಗೆ ಕರೆದು ಕೂಡಿಸಿ ಚಹಾ ತಂದಿಟ್ಟರು.

"ಅಕ್ಕ ನಿಮ್ಮ ಮಾತು ತೆಗೀತಿದ್ಲು," ಅಂದರು. "ಆ ಬೈಕಿನವರು ಅವತ್ತೇ ಹೇಳಿದ್ರಂತ, ಮನಿ ತೋರಿಸಿದ್ದು ನಿಮ್ಮ ಹುಡುಗೀನ ಅಂತ. ಪಾಪ, ಎಷ್ಟ್ ಅಂಜಿತ್ತೋ ಏನೋ ಆ ಕೂಸು, ನಾನೇ ಅಕೀನ್ನ ಆ ದಂಡಿ ಮ್ಯಾಲ ಕೂಡಿಸಬಾರದಿತ್ತು ಅಂತಿದ್ಲು."

ಆಪಾಗೆ ಹೇಳಬೇಕಾಗಿದ್ದದ್ದನ್ನು ಅವರ ತಂಗಿಯ ಮುಂದೆ ಮೊದಲಿನಿಂದ ಹೇಳಿದೆ. ಅವರು ಒಬ್ಬರೇ ಇರ್ತಾರ ಅಂದದ್ದನ್ನೂ ಬಿಡಲಿಲ್ಲ. ತಂಗಿ ಪೂರ್ತಿ ಕೇಳಿ, ನನ್ನ ಮುಂದಿದ್ದ ಕಪ್ಪನ್ನು ಇನ್ನಷ್ಟು ಹತ್ತಿರ ಸರಿಸಿದರು.

"ಚಹಾ ಆರಾಕತ್ತದ, ಕುಡೀರಿ."

ಕುಡಿದೆ.